ಊರ ಮೇಳ

ಚಿತ್ರದುರ್ಗದ ಸಂಗೀತವೆಂದೊಡನೆ ವಿದ್ಯಾವಂತರಾದ ನಮ್ಮ ನೆನಪಿಗೆ ಬರುವವನು ಒಬ್ಬ ಒಂಟಿ ಗಾಯಕ. ತ. ರಾ. ಸುಬ್ಬರಾಯರು 1952ರಲ್ಲಿ ಪ್ರಕಟಿಸಿದ 'ಹಂಸಗೀತೆ' ಕಾದಂಬರಿಯ ಭೈರವಿ ವೆಂಕಟಸುಬ್ಬಯ್ಯನು ದುರ್ಗದ ಕಲ್ಲುಗಳ ನಡುವೆ ನಾದವನ್ನು ಅರಸಿದವನು. ಆಜ್ಞೆಗೆ ಒಳಗಾಗಿ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆಂಬುದು ಅವನ ಕಥೆ. ಆ ಕಾದಂಬರಿಯು 1956ರಲ್ಲಿ 'ಬಸಂತ್ ಬಹಾರ್' ಎಂಬ ಹಿಂದೀ ಚಿತ್ರಕ್ಕೂ, 1975ರಲ್ಲಿ ಕನ್ನಡದ 'ಹಂಸಗೀತೆ' ಚಿತ್ರಕ್ಕೂ ಆಧಾರವಾಯಿತು. ಕಥೆಯು ಉಜ್ಜ್ವಲವಾದುದು. ಆದರೆ ಅದನ್ನು ಓದಿ ಮುಗಿಸಿದವರಿಗೆ ಸಂಗೀತವೆಂಬುದು ಎಲ್ಲರಿಂದ ದೂರನಿಂತ ಒಬ್ಬ ಮಹಾಪುರುಷನ ಸ್ವತ್ತೆಂಬ ಭಾವನೆಯು ಉಳಿದುಬಿಡಬಹುದು. ದುರ್ಗದ ಸೀಮೆಯ ಚರಿತ್ರೆಯು ಹೇಳುವುದು ಬೇರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಗೀತವನ್ನು ಹೊತ್ತು ನಡೆಸಿದವರು ಒಬ್ಬೊಬ್ಬರಲ್ಲ, ಮೇಳಗಳು. ಆ ಮೇಳದಲ್ಲಿ ಇದ್ದವರು ಅಣ್ಣತಮ್ಮಂದಿರು, ಬೀಗರು, ನೆರೆಹೊರೆಯ ಸ್ನೇಹಿತರು. ಅವರು ಹಾಡಿದುದು ತಾವು ಕಟ್ಟಿದ ಹಾಡನ್ನಲ್ಲ. ಬೇರೆಯವರಿಂದ ಕೇಳಿ ಕಲಿತುದನ್ನು. ಇಂಥ ಗುಂಪಿಗೆ ಈಚಿನ ದಿನಗಳಲ್ಲಿ 'ಕವರ್ ಬ್ಯಾಂಡ್' ಎಂಬ ಇಂಗ್ಲಿಷ್ ಹೆಸರು ಬಂದಿದೆ. ಹೆಸರು ಹೊಸದು, ವಸ್ತು ಬಹಳ ಹಳೆಯದು. ಅದರ ಕಥೆಯನ್ನು ಸ್ವಲ್ಪಮಟ್ಟಿಗೆ ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಮೊದಲು ಮೇಳವೆಂಬ ಮಾತನ್ನೇ ನೋಡೋಣ. ಕೂಡುವುದು ಎಂಬುದು ಅದರ ಮೂಲಾರ್ಥ. ಜಾತಕಗಳು ಕೂಡಿದರೂ ಮೇಳ, ಸ್ವರಗಳು ಕೂಡಿದರೂ ಮೇಳ, ಜನರು ಕೂಡಿದರೂ ಮೇಳ. ಮುಂದೆ ನಿಂತು ಹಾಡುವವನು ಮುಮ್ಮೇಳ, ಹಿಂದೆ ನಿಂತು ಎತ್ತಿಕೊಡುವವನು ಹಿಮ್ಮೇಳ. ಒಬ್ಬನ ಉಸಿರು ಮುಗಿಯುವೆಡೆಯಲ್ಲಿ ಇನ್ನೊಬ್ಬನ ಉಸಿರು ಆರಂಭವಾಗಬೇಕೆಂಬ ನಿಯಮವು ಈ ಎರಡು ಮಾತುಗಳಲ್ಲಿಯೇ ಅಡಗಿದೆ.

ದುರ್ಗದ ಸೀಮೆಯ ಅತ್ಯಂತ ಹಳೆಯ ಮೇಳಗಳು ಕುಲದ ಮೇಳಗಳು. ಹಿರಿಯೂರಿನ ಸುತ್ತಣ ಕಾಡುಗೊಲ್ಲರ ಹಟ್ಟಿಗಳಲ್ಲಿ 'ಗಣೆ'ಯೆಂಬ ಉದ್ದನೆಯ ಬಿದಿರಿನ ಕೊಳಲುಂಟು. ತಮ್ಮ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಾವ್ಯವನ್ನು ಅವರು ಅದರೊಡನೆ ಹಾಡುತ್ತಾರೆ. ಗಣೆಯು ಅವರಿಗೆ ಕೇವಲ ವಾದ್ಯವಲ್ಲ, ಪೂಜ್ಯವಸ್ತು. ಮ್ಯಾಸಬೇಡರ ದೇವರ ಉತ್ಸವಗಳಲ್ಲಿ ಉರುಮೆಯು ನುಡಿಯುತ್ತದೆ. ಗುಡಿಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಓಲಗದವರು ಬೇಕು. ಅವರಲ್ಲಿ ತಂದೆಯು ನಾಗಸ್ವರ ಹಿಡಿದರೆ ಮಗನು ಶ್ರುತಿ ಹಿಡಿಯುತ್ತಾನೆ, ಸೋದರನು ಡೋಲು ಬಾರಿಸುತ್ತಾನೆ. ಇಂಥ ಮನೆತನಗಳಲ್ಲಿ ಪಾಠವೆಂಬುದು ಪ್ರತ್ಯೇಕವಾಗಿ ನಡೆಯುವುದಿಲ್ಲ. ಹುಡುಗನು ಮೊದಲು ಶ್ರುತಿಯನ್ನು ಹಿಡಿದು ಗಂಟೆಗಟ್ಟಲೆ ಕುಳಿತುಕೊಳ್ಳುತ್ತಾನೆ. ಒಂದೇ ಸ್ವರವನ್ನು ಹಿಡಿದಿರುವ ಅವನಿಗೆ ಮಿಕ್ಕ ಸ್ವರಗಳೆಲ್ಲ ಕಿವಿಗೆ ಬೀಳುತ್ತವೆ. ವರ್ಷಗಳು ಕಳೆದಮೇಲೆ ಒಂದು ದಿನ ತಂದೆಗೆ ಆಯಾಸವಾಗಿ ವಾದ್ಯವನ್ನು ಕೈಗೆ ಕೊಟ್ಟಾಗ, ತನಗೆ ನುಡಿಸುವುದು ಬರುತ್ತದೆಂದು ಅವನಿಗೇ ತಿಳಿಯುತ್ತದೆ.

ಹೆಂಗಸರ ಮೇಳವನ್ನೂ ಇಲ್ಲಿಯೇ ಹೇಳಬೇಕು. ಶೋಭಾನೆಯ ಪದವನ್ನು ಇಬ್ಬರು ಎತ್ತಿಕೊಟ್ಟರೆ ಮತ್ತಿಬ್ಬರು ಅದೇ ಸಾಲನ್ನು ತಿರುಗಿ ಹಾಡುತ್ತಾರೆ. ಕೇಳುವವರಿಗೆ ಇದು ಪುನರುಕ್ತಿಯೆಂದು ತೋರಬಹುದು. ವಾಸ್ತವವಾಗಿ ಅದೊಂದು ಪಾಠಶಾಲೆ. ತಾಯಿಯು ಹೇಳಿದ ಸಾಲನ್ನು ಮಗಳು ಹೇಳುತ್ತಾಳೆ, ಅತ್ತೆಯು ಹೇಳಿದುದನ್ನು ಹೊಸದಾಗಿ ಮನೆಗೆ ಬಂದ ಸೊಸೆಯು ಹೇಳುತ್ತಾಳೆ. ಸೊಸೆಯು ತನ್ನ ತವರಿನಿಂದ ಬೇರೆ ಪದಗಳನ್ನೂ ತಂದಿರುತ್ತಾಳೆ. ಹೀಗೆ ಹೊಳಲ್ಕೆರೆಯ ಹಾಡು ಹಿರಿಯೂರಿಗೆ ಹೋಗಲು ಮದುವೆಯೇ ದಾರಿಯಾಯಿತು. ಕಾಗದವಿಲ್ಲದ ಕಾಲದಲ್ಲಿ ನೆಂಟಸ್ತನವೇ ಹಾಡಿನ ಅಂಚೆ.

ಕುಲದ ಮೇಳವು ಹುಟ್ಟಿನಿಂದ ಬಂದುದಾದರೆ, ಭಜನೆಯ ಮೇಳವು ಒಲವಿನಿಂದ ಕೂಡಿದುದು. ವಾರಕ್ಕೊಂದು ರಾತ್ರಿ ಆಂಜನೇಯನ ಗುಡಿಯಲ್ಲಿಯೋ ಮಠದ ಜಗಲಿಯಲ್ಲಿಯೋ ದೀಪ ಹಚ್ಚಿ, ಹೊಲದ ಕೆಲಸ ಮುಗಿಸಿ ಬಂದ ಹತ್ತು ಹದಿನೈದು ಜನರು ತಾಳ, ದಮ್ಮಡಿ, ಏಕತಾರಿಗಳನ್ನು ಹಿಡಿದು ಕುಳಿತರೆ ಅದೇ ಸಭೆ. ಅಲ್ಲಿ ದಾಸರ ಪದ, ಶರಣರ ವಚನ, ತತ್ತ್ವಪದ ಎಲ್ಲಕ್ಕೂ ಎಡೆಯುಂಟು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪುರಂದರದಾಸರು ತಮ್ಮ ಪದಗಳನ್ನು ಯಾವ ರೀತಿಯಲ್ಲಿ ಹಾಡಿದರೆಂಬುದು ಬಹುಮಟ್ಟಿಗೆ ಮರೆತುಹೋಗಿದೆ. ಇಂದು ಕೇಳಿಬರುವ ದೇವರನಾಮಗಳ ಧಾಟಿಗಳಲ್ಲಿ ಹೆಚ್ಚಿನವು ಹಿಂದಿನಿಂದ ಹಾಡಿಕೊಂಡು ಬಂದವರು ತಮಗೆ ತೋರಿದಂತೆ ಕೂಡಿಸಿದವು. ಮಾತು ದಾಸರದು, ಧಾಟಿ ಜನರದು. ಅನ್ಯರ ಹಾಡನ್ನು ಹಾಡಿದವರು ಅದಕ್ಕೆ ತಮ್ಮದೊಂದನ್ನು ಸೇರಿಸದೆ ಬಿಡಲಿಲ್ಲ.

ಹೀಗಿರಲು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎರಡು ಹೊಸ ವಸ್ತುಗಳು ಈ ಸೀಮೆಗೆ ಬಂದುವು. ಒಂದು ಹಾರ್ಮೋನಿಯಂ, ಇನ್ನೊಂದು ನಾಟಕದ ಕಂಪನಿ.

ಹಾರ್ಮೋನಿಯಂ ಪ್ಯಾರಿಸಿನ ಶಿಶು. ಅಲೆಕ್ಸಾಂಡ್ರ್ ದೆಬೇನ್ ಎಂಬಾತನು 1842ರಲ್ಲಿ ಅದಕ್ಕೆ ಸನ್ನದು ಪಡೆದನು. ಕಾಲಿನಿಂದ ತಿದಿಯನ್ನೊತ್ತಿ ಎರಡು ಕೈಗಳಿಂದ ನುಡಿಸುವ ಆ ದೊಡ್ಡ ಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿನಲ್ಲಿ ಚಿಕ್ಕದಾಗಿಸಿ, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯನ್ನೂತುತ್ತ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದರು. ಈ ಒಂದು ಮಾರ್ಪಾಡಿನಿಂದ ಅದು ಎತ್ತಿನ ಗಾಡಿಯೇರಿ ಹಳ್ಳಿಗೆ ಹೋಗಲು ಯೋಗ್ಯವಾಯಿತು. ವೀಣೆಯಂತೆ ಅದನ್ನು ಹೊತ್ತುಹೊತ್ತಿಗೆ ಶ್ರುತಿಮಾಡಬೇಕಾಗಿಲ್ಲ. ನಾಗಸ್ವರದಂತೆ ವರ್ಷಗಟ್ಟಲೆ ಉಸಿರನ್ನು ಪಳಗಿಸಬೇಕಾಗಿಲ್ಲ. ಬಯಲಿನಲ್ಲಿ ಸಾವಿರ ಜನರಿಗೆ ಕೇಳುವಷ್ಟು ಗಟ್ಟಿಯಾದ ಧ್ವನಿಯೂ ಉಂಟು. ಆದುದರಿಂದಲೇ ಅದು ನಾಟಕದ ಪ್ರಧಾನ ವಾದ್ಯವಾಯಿತು.

ನಾಟಕದ ಕಂಪನಿಗಳ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಕಂಪನಿ ನಾಟಕಗಳ ಹಾಡುಗಳು ಮರಾಠೀ ಮತ್ತು ಪಾರ್ಸೀ ನಾಟಕಗಳ ಧಾಟಿಗಳನ್ನು ಹೇರಳವಾಗಿ ಎರವಲು ತಂದುವು. ನಾಟಕದ ಪುಸ್ತಕದಲ್ಲಿ ಹಾಡಿನ ನೆತ್ತಿಯ ಮೇಲೆ ಇಂಥ ಹಾಡಿನ 'ಮಟ್ಟು' ಎಂದು ಅಚ್ಚುಮಾಡುವುದು ವಾಡಿಕೆಯಾಗಿದ್ದಿತು. ಕದ್ದುದನ್ನು ಮುಚ್ಚಿಡುವ ಅಭ್ಯಾಸವಿರಲಿಲ್ಲ. ತಂದುದನ್ನು ತಂದುದೆಂದೇ ಹೇಳಿದರು. ಆದರೆ ಆ ಮರಾಠೀ ರಂಗಭೂಮಿಯಾದರೂ ಎಲ್ಲಿಂದ ಹುಟ್ಟಿತು? ಉತ್ತರ ಕನ್ನಡದಿಂದ ಸಾಂಗಲಿಗೆ ಹೋದ ಭಾಗವತರ ಆಟವನ್ನು ಕಂಡು ಮೆಚ್ಚಿದ ಅಲ್ಲಿಯ ಸಂಸ್ಥಾನಾಧಿಪತಿಯು ವಿಷ್ಣುದಾಸ ಭಾವೆಯವರಿಂದ ಅಂಥ ಆಟವನ್ನು ಮರಾಠಿಯಲ್ಲಿ ಕಟ್ಟಿಸಿದನು. 1843ರ 'ಸೀತಾಸ್ವಯಂವರ'ವೇ ಅದರ ಫಲ. 1880ರಲ್ಲಿ 'ಸಂಗೀತ ಶಾಕುಂತಲ'ವನ್ನು ಪುಣೆಯಲ್ಲಿ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹೀಗೆ ಕನ್ನಡದ ಆಟವು ಮರಾಠಿಗೆ ಹೋಗಿ, ಅಲ್ಲಿ ಹಾಡಾಗಿ ಬೆಳೆದು, ಮಟ್ಟಿನ ರೂಪದಲ್ಲಿ ತವರಿಗೆ ಮರಳಿತು. ಸಾಲ ಕೊಟ್ಟವರಾರು, ತೀರಿಸಿದವರಾರು ಎಂದು ಲೆಕ್ಕ ಹಾಕುವುದು ಸುಲಭವಲ್ಲ.

ದುರ್ಗದ ಸೀಮೆಗೆ ಈ ಮಟ್ಟುಗಳು ಬಂದ ದಾರಿಯನ್ನು ಭೂಪಟದಲ್ಲಿಯೇ ಕಾಣಬಹುದು. ಗುಬ್ಬಿಯಲ್ಲಿ 1884ರಲ್ಲಿ ಊರಿನ ಕಲಾಸಕ್ತರು ಕೂಡಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಸ್ಥಾಪಿಸಿದರು. ಬಾಲನಟನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ ಅದನ್ನು ನಾಡಿನ ಹೆಮ್ಮೆಯಾಗಿಸಿದರು. ಗುಬ್ಬಿಯಿಂದ ದಾವಣಗೆರೆ, ಹರಿಹರಗಳ ಕಡೆಗೆ ಹೋಗುವ ರೈಲು ತಿಪಟೂರು, ಅರಸೀಕೆರೆ, ಬೀರೂರುಗಳನ್ನು ದಾಟಿ ಹೊಸದುರ್ಗ ರೋಡ್ ನಿಲ್ದಾಣವನ್ನೂ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರನ್ನೂ ಹಾದುಹೋಗುತ್ತದೆ. ಚಿತ್ರದುರ್ಗಕ್ಕೆ ಕವಲೊಡೆಯುವುದು ಚಿಕ್ಕಜಾಜೂರಿನಲ್ಲಿಯೇ. ಹಿರಿಯೂರಾದರೋ ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲಿದೆ. ಕಂಪನಿಯ ಪರದೆ ಪೆಟ್ಟಿಗೆಗಳು ದಕ್ಷಿಣದಿಂದ ಉತ್ತರಕ್ಕೆ, ಉತ್ತರದಿಂದ ದಕ್ಷಿಣಕ್ಕೆ ಸಾಗುವಾಗ ಈ ಸೀಮೆಯನ್ನು ತುಳಿಯದೆ ಹೋಗಲು ಬೇರೆ ಹತ್ತಿರದ ದಾರಿಯಿರಲಿಲ್ಲ. ಮೈಸೂರು ಕಡೆಯ ಹಾಡೂ ಹುಬ್ಬಳ್ಳಿ ಗದಗುಗಳ ಕಡೆಯ ಹಾಡೂ ಇಲ್ಲಿ ಕೂಡಿದುವು.

ಕಂಪನಿಯು ಬಂದು ಹೋಯಿತು; ಹಾಡು ಉಳಿಯಿತು. ಅದನ್ನು ಉಳಿಸಿದವರು ಹಳ್ಳಿಯ ಹವ್ಯಾಸಿಗಳು. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕವಾಡುವ ಪದ್ಧತಿಯು, ಅದರಲ್ಲಿಯೂ 'ಕುರುಕ್ಷೇತ್ರ'ದ ವ್ಯಾಮೋಹವು ಎಷ್ಟೆಂಬುದನ್ನು ಕಂಡವರೇ ಬಲ್ಲರು. ಗುಬ್ಬಿ ಕಂಪನಿಯು 1934ರಲ್ಲಿ ಆನೆಕುದುರೆಗಳೊಡನೆ ವೈಭವದಿಂದ ಆಡಿದ 'ಕುರುಕ್ಷೇತ್ರ'ದ ಕೀರ್ತಿಯು ಹಳ್ಳಿಹಳ್ಳಿಗೂ ಹರಡಿತು. ಆನೆಯನ್ನು ತರುವುದು ಹಳ್ಳಿಯವರಿಗೆ ಸಾಧ್ಯವಿಲ್ಲ, ಆದರೆ ಹಾಡನ್ನು ತರುವುದು ಸಾಧ್ಯ.

ಅದನ್ನು ತರುವವನು ಹಾರ್ಮೋನಿಯಂ ಮೇಷ್ಟ್ರು. ಈತನ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಏಕೆಂದರೆ ನಮ್ಮ ಸಂಗೀತದ ಚರಿತ್ರೆಗಳಲ್ಲಿ ಈತನ ಹೆಸರಿಗೆ ಎಡೆ ಸಿಕ್ಕಿಲ್ಲ. ಕೆಲವರು ಹಿಂದೆ ಕಂಪನಿಗಳಲ್ಲಿದ್ದವರು, ಕಂಪನಿ ಮುಳುಗಿದಮೇಲೆ ಊರೂರು ತಿರುಗಿ ಜೀವಿಸಿದವರು. ಪಂಚಾಕ್ಷರಿ ಗವಾಯಿಗಳ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗಾಯಕರೂ ನಾಡಿನ ನಾನಾ ಕಡೆ ಸಂಗೀತ ಹೇಳಿಕೊಟ್ಟು ಬದುಕಿದರು. ಸುಗ್ಗಿಗೆ ಮುಂಚೆಯೋ ಹಿಂದೆಯೋ ಮೇಷ್ಟ್ರು ಹಳ್ಳಿಗೆ ಬರುವನು. ಊಟವು ದಿನಕ್ಕೊಂದು ಮನೆಯಲ್ಲಿ. ಹಗಲು ಜನರಿಗೆ ಬಿಡುವಿಲ್ಲ. ರಾತ್ರಿ ಊಟವಾದ ಮೇಲೆ ಶಾಲೆಯ ಕೊಠಡಿಯಲ್ಲಿಯೋ ಗುಡಿಯ ಅಂಗಳದಲ್ಲಿಯೋ ತಾಲೀಮು. ಪಾತ್ರಧಾರಿಗಳಲ್ಲಿ ಓದು ಬಾರದವರೂ ಉಂಟು. ಮೇಷ್ಟ್ರು ಪೆಟ್ಟಿಗೆಯ ಮೇಲೆ ಒಂದು ಸಾಲನ್ನು ನುಡಿಸಿ ತಾನೇ ಹಾಡಿ ತೋರಿಸುವನು. ಪಾತ್ರಧಾರಿಯು ಅದನ್ನು ಹತ್ತು ಸಲ ಹೇಳುವನು. ಕಂದ, ವೃತ್ತ, ಸೀಸಪದ್ಯ, ಅದರ ಹಿಂದೆ ಮಾತು, ಮತ್ತೆ ಹಾಡು. ಎರಡು ಮೂರು ತಿಂಗಳಲ್ಲಿ ಇಡೀ ನಾಟಕವು ಕಂಠಸ್ಥವಾಗುವುದು. ಪಾತ್ರಧಾರಿಗೆ ಮಾತ್ರವಲ್ಲ, ಕಿಟಕಿಯ ಹೊರಗೆ ನಿಂತು ಕೇಳಿದ ಹುಡುಗರಿಗೂ.

ಪಾತ್ರಗಳ ಹಂಚಿಕೆಯಲ್ಲಿ ಊರಿನ ಸಂಸಾರವೇ ಕಾಣಿಸುತ್ತದೆ. ಅಣ್ಣನು ಧರ್ಮರಾಯ, ತಮ್ಮನು ಅರ್ಜುನ. ಊರಿನಲ್ಲಿ ಹೊಲದ ಬದುವಿಗಾಗಿ ಮಾತು ಬಿಟ್ಟವರಿಬ್ಬರು ರಂಗದ ಮೇಲೆ ಕೃಷ್ಣನೂ ದುರ್ಯೋಧನನೂ ಆಗಿ ಎದುರೆದುರು ನಿಂತು ರಾತ್ರಿಯಿಡೀ ಸಂಧಾನದ ಮಾತಾಡಬೇಕಾಗಬಹುದು. ಖರ್ಚು ಊರಿನದೇ. ಪರದೆ, ಕಿರೀಟ, ದೀಪಗಳ ಬಾಡಿಗೆಗೂ ಮೇಷ್ಟ್ರ ಸಂಭಾವನೆಗೂ ಪಾತ್ರಧಾರಿಗಳೇ ಹಣ ಹಾಕುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ಹಣ ಪಡೆದು ಹಾಡುವುದು ಲೋಕದ ರೂಢಿಯಾದರೆ, ಹಣ ಕೊಟ್ಟು ಹಾಡುವುದು ಇಲ್ಲಿಯ ರೂಢಿ. ನಾಟಕದ ರಾತ್ರಿ ಸುತ್ತಣ ಹಳ್ಳಿಗಳಿಂದ ನೆಂಟರಿಷ್ಟರು ಬರುತ್ತಾರೆ. ಮಾವನು ಅಳಿಯನಿಗೆ ಹಾರ ಹಾಕುತ್ತಾನೆ, ಗೆಳೆಯರು ನೋಟನ್ನು ಎದೆಗೆ ಸಿಕ್ಕಿಸುತ್ತಾರೆ, ಹಿಡಿಸಿದ ಹಾಡಿಗೆ 'ವನ್ಸ್ ಮೋರ್' ಎಂಬ ಕೂಗು ಏಳುತ್ತದೆ. ಕೌರವನ ತೊಡೆ ಮುರಿಯುವ ಹೊತ್ತಿಗೆ ಮೂಡಲು ಕೆಂಪಾಗಿರುತ್ತದೆ. ಮಾರನೆಯ ದಿನ ಆ ದುರ್ಯೋಧನನು ಮುಖದ ಬಣ್ಣವು ಪೂರ್ತಿ ಹೋಗದೆಯೇ ನೇಗಿಲು ಹಿಡಿದು ಹೊಲಕ್ಕೆ ಹೋಗುತ್ತಾನೆ.

ಪಟ್ಟಣದ ರಸಿಕರು ಇದನ್ನು ಕಂಡು ನಗುವುದುಂಟು. ಶ್ರುತಿ ನಿಲ್ಲುವುದಿಲ್ಲ, ರಾಗ ಶುದ್ಧವಾಗಿಲ್ಲ, ಎಲ್ಲವೂ ಕಂಪನಿಯವರ ಅನುಕರಣೆ ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆಯ ಮೊದಲನೆಯ ಭಾಗವನ್ನು ನಾನು ಅಲ್ಲಗಳೆಯುವುದಿಲ್ಲ. ಚಳಿಯಲ್ಲಿ ರಾತ್ರಿಯೆಲ್ಲ ಕೂಗಿ ಹಾಡಿದ ಗಂಟಲಿನಿಂದ ಬೆಳಗಿನ ಜಾವಕ್ಕೆ ಶುದ್ಧ ಸ್ವರವನ್ನು ನಿರೀಕ್ಷಿಸಲಾಗದು. ಆದರೆ ಅನುಕರಣೆಯೆಂಬ ಎರಡನೆಯ ಮಾತನ್ನು ಸ್ವಲ್ಪ ಪರಿಶೀಲಿಸಬೇಕು.

ಕರ್ಣಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಸಮೀಪದ ಮಣಲಿಯಲ್ಲಿದ್ದಾಗ ಕುಂಪಣಿಯವರ ಬ್ಯಾಂಡಿನ ಸಂಗೀತವನ್ನು ಕೇಳಿದರು. ಆ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಹೊಂದಿಸಿದರು. 'ನೊಟ್ಟುಸ್ವರ ಸಾಹಿತ್ಯ'ವೆಂದು ಹೆಸರಾದ ಈ ರಚನೆಗಳು ನಲವತ್ತರ ಹತ್ತಿರ ಇವೆ. ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲೊಂದು. ಯೂರೋಪಿನ ಕಡೆಗೆ ನೋಡಿದರೆ, ಸಂಗೀತಶಿಲ್ಪಿಗಳಲ್ಲಿ ಅಗ್ರಗಣ್ಯನಾದ ಯೋಹಾನ್ ಸೆಬಾಸ್ಟಿಯನ್ ಬಾಖನು ಇಟಲಿಯ ವಿವಾಲ್ಡಿಯ ಕೃತಿಗಳನ್ನು ತನ್ನ ವಾದ್ಯಕ್ಕೆ ಹೊಂದಿಸಿಕೊಂಡು ಬರೆದನು. ಬಾಖನ ಕುಟುಂಬವು ಜರ್ಮನಿಯ ಥುರಿಂಜಿಯ ಪ್ರಾಂತದಲ್ಲಿ ತಲೆತಲಾಂತರದಿಂದ ವಾದ್ಯಗಾರರ ಕುಟುಂಬ. ಅವನ ಜೀವನಚರಿತ್ರೆಯನ್ನು 1802ರಲ್ಲಿ ಪ್ರಕಟಿಸಿದ ಫೋರ್ಕೆಲನು ಹೇಳುವಂತೆ, ಆ ವಂಶದವರು ವರ್ಷಕ್ಕೊಮ್ಮೆ ಒಂದೂರಿನಲ್ಲಿ ಕೂಡುತ್ತಿದ್ದರು. ಮೊದಲು ದೇವರ ಸ್ತೋತ್ರವನ್ನು ಹಾಡಿ, ಆಮೇಲೆ ಬೀದಿಯ ಜನಪ್ರಿಯ ಹಾಡುಗಳನ್ನು ಒಂದರೊಡನೊಂದು ಬೆರೆಸಿ ಹಾಡಿ ಹೊಟ್ಟೆ ತುಂಬ ನಗುತ್ತಿದ್ದರು. ಪ್ರಾರ್ಥನೆಯಿಂದ ತೊಡಗಿ ಹಾಸ್ಯದಲ್ಲಿ ಮುಗಿಯುವ ನಮ್ಮ ಭಜನೆಯ ರಾತ್ರಿಗಳನ್ನು ಬಲ್ಲವರಿಗೆ ಈ ಚಿತ್ರವು ಅಪರಿಚಿತವೆನಿಸದು. ಮಹಾವಾಗ್ಗೇಯಕಾರರು ಪರರ ಧಾಟಿಯನ್ನು ತೆಗೆದುಕೊಂಡರೆ ಪ್ರತಿಭೆ, ಹೊಸದುರ್ಗದ ರೈತನು ತೆಗೆದುಕೊಂಡರೆ ಅನುಕರಣೆ ಎಂದು ಹೇಳುವುದು ನ್ಯಾಯವಲ್ಲ. ಮಾಡಿದ ಕೆಲಸದ ಎತ್ತರದಲ್ಲಿ ಅಂತರವುಂಟು. ಕೆಲಸದ ಜಾತಿಯಲ್ಲಿ ಅಂತರವಿಲ್ಲ.

ಹಾರ್ಮೋನಿಯಮ್ಮಿನ ವಿಷಯದಲ್ಲಿಯೂ ಪಟ್ಟಣದವರ ತೀರ್ಪು ಕಠಿನವಾಗಿದ್ದಿತು. ಅದರ ಸ್ವರಗಳು ಕಟ್ಟಿಹಾಕಿದಂಥವು; ಗಮಕವು ಅದರಿಂದ ಹೊರಡದು. ಇದು ನಿಜವಾದ ದೋಷ. ರವೀಂದ್ರನಾಥ ಠಾಕೂರರೂ ಅದನ್ನು ಮೆಚ್ಚಲಿಲ್ಲ. ಅಖಿಲ ಭಾರತ ರೇಡಿಯೋ ಸಂಸ್ಥೆಯು 1940ರ ಮಾರ್ಚಿ 1ರಿಂದ ತನ್ನ ನಿಲಯಗಳಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ನಿಷೇಧವು ಸಡಿಲವಾದುದು 1971ರಲ್ಲಿ. ಮೂವತ್ತು ವರ್ಷಗಳಿಗೂ ಮೀರಿ, ಹಳ್ಳಿಯ ರಂಗಕ್ಕೆ ಉಸಿರಾಗಿದ್ದ ವಾದ್ಯವು ಆ ರೇಡಿಯೋವಿನಲ್ಲಿ ಬಹಿಷ್ಕೃತವಾಗಿದ್ದಿತು. ಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯಿರಬಹುದು. ಆದರೆ ರೇಡಿಯೋವಿನ ಮುಂದೆ ಕುಳಿತ ಹಳ್ಳಿಯವನು ತನ್ನೂರಿನ ಮೇಳದ ಧ್ವನಿಯನ್ನು ಅದರಲ್ಲಿ ಎಂದೂ ಕೇಳದೆ, ಅದು ಸಂಗೀತವೇ ಅಲ್ಲವೇನೋ ಎಂದು ತಿಳಿದಿದ್ದರೆ ತಪ್ಪು ಅವನದಲ್ಲ.

ರೇಡಿಯೋವಿನ ಮೂಲಚರಿತ್ರೆಯಾದರೂ ಏನು ಹೇಳುತ್ತದೆ? ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ 'ವಿಠ್ಠಲ ವಿಹಾರ'ವೆಂಬ ಮನೆಯಿಂದಲೇ ಮೂವತ್ತು ವ್ಯಾಟಿನ ಪುಟ್ಟ ಯಂತ್ರದಿಂದ ಪ್ರಸಾರವನ್ನಾರಂಭಿಸಿದರು. ಆ ಮನೆಯ ಪ್ರಸಾರವೇ 'ಆಕಾಶವಾಣಿ'ಯೆಂಬ ಹೆಸರನ್ನು ಪಡೆದು, ಸಂಸ್ಥಾನದ ನಿಲಯವಾಗಿ ಬೆಳೆದು, 1950ರಲ್ಲಿ ಅಖಿಲ ಭಾರತ ಸಂಸ್ಥೆಯಲ್ಲಿ ವಿಲೀನವಾಯಿತು. ಅಂದರೆ ಆಕಾಶವಾಣಿಯೂ ಮೊದಲಿಗೆ ಒಂದು ಮನೆಯಿಂದ ಹೊರಟ ಧ್ವನಿಯೇ. ಮನೆಯಲ್ಲಿ ಹುಟ್ಟಿದ ಸಂಸ್ಥೆಯು ಮನೆಮೇಳಗಳನ್ನು ಕೀಳಾಗಿ ಕಾಣಲು ಕಾರಣವಿಲ್ಲ.

ಕುಟುಂಬವೇ ಕಂಪನಿಯಾಗಿ ಬೆಳೆದ ದೃಷ್ಟಾಂತವೂ ಈ ಸೀಮೆಯಲ್ಲುಂಟು. ದಾವಣಗೆರೆಯು 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ಅಲ್ಲಿಯ ಚಿಂದೋಡಿ ವೀರಪ್ಪನವರು ಹಾಡುಗಾರರೂ ನಟರೂ ಆಗಿದ್ದವರು, ಅವರ ಕೆ. ಬಿ. ಆರ್. ಡ್ರಾಮಾ ಕಂಪನಿಯಲ್ಲಿ ಮಕ್ಕಳು ರಂಗದ ಮೇಲೆಯೇ ಬೆಳೆದರು. ಮಗಳು ಚಿಂದೋಡಿ ಲೀಲಾ ಅವರು ಕನ್ನಡ ವೃತ್ತಿರಂಗಭೂಮಿಯ ಪ್ರಸಿದ್ಧ ನಟಿಯಾಗಿ 1988ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು, 2010ರಲ್ಲಿ ನಿಧನರಾದರು. ತಂದೆಯ ಹಿಂದೆ ಹಿಮ್ಮೇಳವಾಗಿ ನಿಂತ ಮಕ್ಕಳು ಮುಮ್ಮೇಳಕ್ಕೆ ಬರುವ ಆ ಹಳೆಯ ಕ್ರಮವೇ ಇಲ್ಲಿಯೂ ನಡೆಯಿತು.

ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' ತೆರೆಕಂಡುದು 1934ರಲ್ಲಿ. ಅದರ ಸಾಹಿತ್ಯವನ್ನು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳು ನಾಟಕ ಕಂಪನಿಗಳಿಗೆ ಬರೆದು ಹೆಸರಾದವರೇ. ಕ್ರಮೇಣ ಹಳ್ಳಿಯ ಹಾಡಿಗೆ ಕಂಪನಿಯ ಬದಲು ಚಲಚ್ಚಿತ್ರವು ಮೂಲವಾಯಿತು. ಗಣೇಶೋತ್ಸವ, ರಾಜ್ಯೋತ್ಸವಗಳ ಚಪ್ಪರಗಳಲ್ಲಿ 'ಆರ್ಕೆಸ್ಟ್ರಾ' ಎಂಬ ಹೆಸರಿನಿಂದ ಊರಿನ ಹುಡುಗರು ಕೂಡಿ ಚಿತ್ರಗೀತೆಗಳನ್ನು ಹಾಡತೊಡಗಿದರು. ಗುಬ್ಬಿ ಕಂಪನಿಯಿಂದ ಬಂದ ನಟನ ಮಗನಾದ ಡಾ. ರಾಜಕುಮಾರರು ತಾವೇ ವೇದಿಕೆಯ ಮೇಲೆ ಹಾಡಿದ ರಸಮಂಜರಿಗಳು ಈ ಪದ್ಧತಿಗೆ ಗೌರವವನ್ನು ತಂದುವು. ದುರ್ಗದವರಿಗೆ ಇನ್ನೊಂದು ಭಾಗ್ಯವೂ ಒದಗಿತು. ತ. ರಾ. ಸು. ಅವರ ಕಾದಂಬರಿಗಳನ್ನಾಧರಿಸಿ 1972ರಲ್ಲಿ ಬಂದ 'ನಾಗರಹಾವು' ಚಿತ್ರದಲ್ಲಿ ಓಬವ್ವನ ಹಾಡು ಬಂದಿತು. ತಮ್ಮೂರಿನ ಕೋಟೆಯ ಕಥೆಯು ಮದರಾಸಿನ ಧ್ವನಿಮುದ್ರಣಾಲಯಗಳಿಂದ ಹಾಡಾಗಿ ಹಿಂದಿರುಗಿದಾಗ, ಅದನ್ನು ತಮ್ಮೂರಿನ ಚಪ್ಪರದಲ್ಲಿ ತಾವೇ ಹಾಡಿದವರಿಗೆ ಅದು ಪರರ ಹಾಡೆಂದು ಹೇಗೆ ತೋರೀತು?

ಇಷ್ಟು ಹೇಳಿದಮೇಲೆ ಮೇಳದ ಕೊರತೆಗಳನ್ನೂ ಹೇಳದೆ ಮುಗಿಸಿದರೆ ಚರಿತ್ರೆಯು ಸ್ತುತಿಪಾಠವಾದೀತು. ಮೇಳವೆಂದರೆ ಕೂಡುವುದೆಂದು ಹೇಳಿದೆನಷ್ಟೆ. ಆದರೆ ಎಲ್ಲರೂ ಕೂಡಲಿಲ್ಲ. ಓಲಗವಿಲ್ಲದೆ ಮದುವೆಯಿಲ್ಲ, ಆದರೆ ಓಲಗದವರಿಗೆ ಊಟದ ಪಂಕ್ತಿಯಲ್ಲಿ ಎಲ್ಲರೊಡನೆ ಎಲೆ ಬೀಳುತ್ತಿರಲಿಲ್ಲ. ಹಲಗೆಯ ನಾದಕ್ಕೆ ದೇವರು ಹೊರಬರುತ್ತಿದ್ದನು. ಹಲಗೆ ಬಾರಿಸಿದವನು ಗುಡಿಯೊಳಕ್ಕೆ ಹೋಗುವಂತಿರಲಿಲ್ಲ. ಮನೆಯಲ್ಲಿ ಸಾವಿರ ಪದಗಳನ್ನು ಬಲ್ಲ ತಾಯಿಗೆ ರಂಗದ ಮೇಲೆ ನಿಲ್ಲುವ ಹಕ್ಕಿರಲಿಲ್ಲ. ದ್ರೌಪದಿಯ ವೇಷವನ್ನು ಗಂಡಸೇ ಹಾಕಬೇಕು, ಇಲ್ಲವೇ ಹಣ ಕೊಟ್ಟು ಹೊರಗಿನಿಂದ ನಟಿಯನ್ನು ಕರೆಸಬೇಕು. ಆ ನಟಿಯ ಹಾಡಿಗೆ 'ವನ್ಸ್ ಮೋರ್' ಕೂಗಿದ ಊರು ಮಾರನೆಯ ದಿನ ಅವಳನ್ನು ಗೌರವದಿಂದ ಮಾತನಾಡಿಸುತ್ತಿದ್ದಿತೇ ಎಂಬುದು ಬೇರೆ ಪ್ರಶ್ನೆ. ಸಂಗೀತವು ಹತ್ತಿರ ತಂದವರನ್ನು ಸಮಾಜವು ದೂರ ನಿಲ್ಲಿಸಿತು.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೆಂಬ ಚಿಕ್ಕ ಊರಿನಲ್ಲಿ ಪಂಡಿತಾರಾಧ್ಯ ಸ್ವಾಮಿಗಳು ಶಿವಕುಮಾರ ಕಲಾಸಂಘವನ್ನು ಕಟ್ಟಿದರು. ಅದರ ಆಶ್ರಯದಲ್ಲಿ 1997ರಲ್ಲಿ ಆರಂಭವಾದ 'ಶಿವಸಂಚಾರ'ವೆಂಬ ತಿರುಗಾಟದ ತಂಡವು ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕಲೆಹಾಕಿ ನಾಡೆಲ್ಲ ನಾಟಕವಾಡುತ್ತ ಬಂದಿದೆ. ಹಿಂದೆ ಕಂಪನಿಗಳು ಹಾದುಹೋಗುತ್ತಿದ್ದ ಸೀಮೆಯಿಂದಲೇ ಈಗ ತಂಡವೊಂದು ಹೊರಡುತ್ತಿರುವುದು ಸಂತೋಷದ ವಿಷಯ.

ಕೊನೆಯದಾಗಿ ಒಂದು ಮಾತು. ಯಂತ್ರದಿಂದ ಹಾಡು ಕೇಳುವ ಸೌಕರ್ಯವು ಬಂದಮೇಲೆ ನಮ್ಮಲ್ಲಿ ಕೇಳುವವರು ಹೆಚ್ಚಿದರು, ಹಾಡುವವರು ಕಡಮೆಯಾದರು. ಅತ್ಯುತ್ತಮವಾದ ಕಂಠವು ಗುಂಡಿಯೊತ್ತಿದೊಡನೆ ಮನೆಯೊಳಗೆ ಕೇಳಿಸುವಾಗ, ನೆರೆಮನೆಯವನ ಒಡಕು ಧ್ವನಿಯನ್ನು ಏಕೆ ಕೇಳಬೇಕೆಂದು ಅನ್ನಿಸುವುದು ಸಹಜ. ಆದರೆ ಆ ಅತ್ಯುತ್ತಮ ಕಂಠವು ನಮ್ಮನ್ನು ಗುರುತಿಸದು. ನಾವು ಒಂದು ಸಾಲು ತಪ್ಪಿದರೆ ಎತ್ತಿಕೊಡದು. ಮೇಳದಲ್ಲಿ ನಿಂತವನಿಗೆ ಇನ್ನೊಬ್ಬನು ಎಲ್ಲಿ ಉಸಿರೆಳೆಯುತ್ತಾನೆಂಬುದನ್ನು ಕೇಳುತ್ತಿರಬೇಕಾಗುತ್ತದೆ. ಅಣ್ಣತಮ್ಮಂದಿರು, ಸ್ನೇಹಿತರು, ಜಗಳವಾಡಿದವರು ಸಹ, ಆ ಒಂದು ಗಳಿಗೆಯಲ್ಲಿ ಒಬ್ಬರನ್ನೊಬ್ಬರು ಕೇಳಲೇಬೇಕು. ದುರ್ಗದ ಹಳ್ಳಿಗಳು ಬರಗಾಲಗಳನ್ನು ಕಂಡವು, ಬಡತನವನ್ನು ಕಂಡವು. ಆದರೂ ಸುಗ್ಗಿ ಬಂದಾಗ ಹಣ ಕೂಡಿಸಿ ಮೇಷ್ಟ್ರನ್ನು ಕರೆಸಿದವು. ಹಾಡು ತಮ್ಮದಲ್ಲವೆಂದು ಅವರಿಗೆ ಗೊತ್ತಿದ್ದಿತು. ಹಾಡುವುದು ಮಾತ್ರ ತಮ್ಮದೆಂಬುದೂ ಗೊತ್ತಿದ್ದಿತು. ಭೈರವಿ ವೆಂಕಟಸುಬ್ಬಯ್ಯನಂಥವರು ಶತಮಾನಕ್ಕೊಬ್ಬರು ಹುಟ್ಟಿಯಾರು. ಅವರು ಬಿಟ್ಟುಹೋದ ನಾದವು ಮುಂದಿನ ತಲೆಯವರ ಕಿವಿಗೆ ಬೀಳಬೇಕಾದರೆ, ಶ್ರುತಿ ಹಿಡಿದು ಕುಳಿತ ಒಬ್ಬ ಹುಡುಗನು ಪ್ರತಿಯೊಂದು ಊರಿನಲ್ಲಿಯೂ ಇರಬೇಕು.